ತಟ್ಟೆಯೂ ತಕ್ಕಡಿಯೂ: ನಾಯಿ, ಬೆಕ್ಕು, ಮೀನು, ಮೊಲ, ಹಕ್ಕಿ ಸಾಕುವವರಿಗೆ

ಹೊಸದಾಗಿ ಪ್ರಾಣಿ ಸಾಕುವವರು ಕೊರಳಪಟ್ಟಿ, ಮೆತ್ತನೆಯ ಹಾಸಿಗೆ, ಆಟದ ಚೆಂಡು ಎಲ್ಲ ತಂದಿಟ್ಟುಕೊಂಡಿರುತ್ತಾರೆ. ತರಬೇಕಾದ ಮೊದಲ ಸಾಮಾನನ್ನೇ ಬಿಟ್ಟಿರುತ್ತಾರೆ: ಅಡುಗೆಮನೆಯ ಡಿಜಿಟಲ್ ತಕ್ಕಡಿ. ಲೋಟದಲ್ಲೋ ಹಿಡಿಯಲ್ಲೋ ಅಳೆದು ಹಾಕಿದರೆ ಅದೇ ಲೋಟಕ್ಕೆ ಒಂದು ಹೊತ್ತು 80 ಗ್ರಾಂ ಬೀಳುತ್ತದೆ, ಇನ್ನೊಂದು ಹೊತ್ತು 100. ಆ 20 ಗ್ರಾಂ ನಮ್ಮ ಕಣ್ಣಿಗೆ ಏನೂ ಅಲ್ಲ. 5 ಕಿಲೋ ತೂಗುವ ನಾಯಿಗೆ ಅದು ಇಡೀ ದಿನದ ಊಟದ ಐದರಲ್ಲೊಂದು ಪಾಲು. ‘ನಾನು ಹಾಕಿದ್ದು ಸ್ವಲ್ಪವೇ’ ಎಂದು ಮನೆಮಂದಿಯೆಲ್ಲ ಹೇಳುವ ಕಡೆಯೇ ಪ್ರಾಣಿ ಊದಿಕೊಂಡಿರುತ್ತದೆ, ಯಾಕೆಂದರೆ ನಾಲ್ಕು ಜನರ ಸ್ವಲ್ಪ ಸೇರಿದರೆ ಒಂದು ಊಟ. ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಒಂದು ಡಬ್ಬಿಗೆ ತುಂಬಿಡಿ. ಯಾರು ಹಾಕಿದರೂ ಆ ಡಬ್ಬಿಯಿಂದಲೇ ಹಾಕಬೇಕು. ಡಬ್ಬಿ ಬರಿದಾದರೆ ಅವತ್ತಿನ ಲೆಕ್ಕ ಮುಗಿಯಿತು.

ತೂಗುವುದರಿಂದ ಇನ್ನೊಂದು ಉಪಯೋಗವಿದೆ. ಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ಆದರೆ ತಿನ್ನುವುದನ್ನು ನಟಿಸಲಾರವು. ನಿನ್ನೆ ಎಷ್ಟು ಗ್ರಾಂ ತಿಂದಿತ್ತು ಎಂದು ಗೊತ್ತಿದ್ದವರಿಗೆ ಇವತ್ತು ಕಡಿಮೆಯಾದದ್ದು ಇವತ್ತೇ ತಿಳಿಯುತ್ತದೆ. ಅಂದಾಜಿನಲ್ಲಿ ಹಾಕುವವರಿಗೆ ಅದು ತಿಳಿಯುವುದು ವಾರ ಕಳೆದ ಮೇಲೆ, ಮೈ ಇಳಿದದ್ದು ಕಂಡಾಗ.

ನಾಯಿಗೆ ಎಷ್ಟು ಹಾಕಬೇಕು

ಆಹಾರದ ಪೊಟ್ಟಣದ ಹಿಂದೆ ಅಚ್ಚು ಹಾಕಿದ ಕೋಷ್ಟಕ ಶುರು ಮಾಡಲು ಸರಿ, ನೆಚ್ಚಿಕೊಳ್ಳಲು ಅಲ್ಲ. ನಿಮ್ಮ ನಾಯಿಯ ಲೆಕ್ಕವನ್ನು ನೀವೇ ಹಾಕಬಹುದು, ವರ್ಗಮೂಲದ ಗುಂಡಿಯಿರುವ ಫೋನಿನ ಕ್ಯಾಲ್ಕುಲೇಟರ್ ಸಾಕು. ನಾಯಿ 10 ಕಿಲೋ ಅಂತಿಟ್ಟುಕೊಳ್ಳಿ. 10×10×10 ಒತ್ತಿ, 1000 ಬಂತು. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: ಮೊದಲು 31.6, ಆಮೇಲೆ 5.62. ಅದನ್ನು 70ರಿಂದ ಗುಣಿಸಿದರೆ ಸುಮಾರು 394. ನಾಯಿ ಸುಮ್ಮನೆ ಬಿದ್ದುಕೊಂಡಿದ್ದರೂ ದಿನಕ್ಕೆ ಅಷ್ಟು ಕಿಲೋಕ್ಯಾಲರಿ ಬೇಕು. ಇದನ್ನು ಸಂತಾನಹರಣ ಶಸ್ತ್ರಚಿಕಿತ್ಸೆ ಆದ ದೊಡ್ಡ ನಾಯಿಗೆ 1.6ರಿಂದ, ಆಗದಿದ್ದರೆ 1.8ರಿಂದ ಗುಣಿಸಿ. 4 ತಿಂಗಳೊಳಗಿನ ಮರಿಗೆ 3ರಿಂದ, ಅಲ್ಲಿಂದ ಬೆಳೆದು ನಿಲ್ಲುವವರೆಗೆ 2ರಿಂದ. ನಮ್ಮ 10 ಕಿಲೋ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದರೆ 630 ಕಿಲೋಕ್ಯಾಲರಿ. ಒಣ ಆಹಾರದ ಪೊಟ್ಟಣದಲ್ಲಿ 100 ಗ್ರಾಂಗೆ 360 ಎಂದು ಬರೆದಿದ್ದರೆ ದಿನಕ್ಕೆ 175 ಗ್ರಾಂ, ಎರಡು ಹೊತ್ತಿಗೆ ಹಂಚಿ.

ಈ ಸಂಖ್ಯೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ಎರಡು ನಾಯಿಗಳು ಒಂದೇ ತೂಕವಿದ್ದರೂ ಒಂದಕ್ಕೆ ಕಡಿಮೆ ಸಾಕಾಗುತ್ತದೆ, ಇನ್ನೊಂದಕ್ಕೆ ಹೆಚ್ಚು ಬೇಕಾಗುತ್ತದೆ. ಎರಡು ವಾರಕ್ಕೊಮ್ಮೆ ನಾಯಿಯನ್ನು ತೂಗಿ: ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಏರುತ್ತಿದ್ದರೆ ಊಟವನ್ನು ಹತ್ತರಲ್ಲೊಂದು ಪಾಲು ಇಳಿಸಿ, ಬೇಡದೆ ಇಳಿಯುತ್ತಿದ್ದರೆ ಅಷ್ಟೇ ಏರಿಸಿ, ಮತ್ತೆ ಎರಡು ವಾರ ಕಾಯಿರಿ. ದಪ್ಪಗಾದ ನಾಯಿಗೆ ಈಗಿನ ತೂಕವನ್ನಲ್ಲ, ಇರಬೇಕಾದ ತೂಕವನ್ನು ಹಿಡಿದು ಲೆಕ್ಕ ಹಾಕಬೇಕು. ಆಗ ಯಾವುದರಿಂದಲೂ ಗುಣಿಸುವ ಕೆಲಸವಿಲ್ಲ, ಮೊದಲು ಬಂದ ಸಂಖ್ಯೆಯೇ ದಿನದ ಊಟ.

ಇರಬೇಕಾದ ತೂಕ ಎಷ್ಟು ಎಂದು ಹೇಳುವುದು ಕೈಬೆರಳು. ಎಡಗೈಯನ್ನು ಅಂಗಾತ ಮಾಡಿ, ಬಲಗೈ ಬೆರಳಿನಿಂದ ಅಂಗೈಯ ಮಾಂಸದ ಭಾಗ ಒತ್ತಿ ನೋಡಿ: ಮೂಳೆ ಸಿಗುವುದಿಲ್ಲ. ಪಕ್ಕೆಲುಬು ಹಾಗಿದ್ದರೆ ನಾಯಿ ದಪ್ಪಗಿದೆ. ಮುಷ್ಟಿ ಬಿಗಿದು ಗೆಣ್ಣುಗಳ ಮೇಲೆ ಬೆರಳಾಡಿಸಿ: ಮೂಳೆ ಎದ್ದು ನಿಲ್ಲುತ್ತದೆ. ಪಕ್ಕೆಲುಬು ಹಾಗಿದ್ದರೆ ಬಡಕಲು. ಕೈ ಚಾಚಿ ಅಂಗೈಯ ಹಿಂಬದಿಯನ್ನು ಸವರಿದಾಗ ತೆಳು ಹೊದಿಕೆಯ ಕೆಳಗೆ ಮೂಳೆಗಳು ಎಣಿಸುವಂತೆ ಸಿಗುತ್ತವಲ್ಲ, ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಒಳಗೆ ಸರಿದಿರಬೇಕು, ಪಕ್ಕದಿಂದ ನೋಡಿದರೆ ಎದೆಯಿಂದ ಹಿಂದಕ್ಕೆ ಹೊಟ್ಟೆ ಮೇಲೇರಿರಬೇಕು. ರೋಮ ದಟ್ಟವಾಗಿರುವ ತಳಿಗಳಲ್ಲಿ ಕಣ್ಣು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ.

ಬಹುಮಾನದ ತಿಂಡಿ, ಬಿಸ್ಕತ್ತು, ಹಲ್ಲಿಗೆಂದು ಕೊಡುವ ಕಡ್ಡಿ ಇವೆಲ್ಲ ಸೇರಿ ದಿನದ ಕ್ಯಾಲರಿಯ ಹತ್ತರಲ್ಲೊಂದು ಪಾಲನ್ನು ಮೀರಬಾರದು. 10 ಕಿಲೋ ನಾಯಿಗೆ ಅದು 63. ಹೆಬ್ಬೆರಳು ಗಾತ್ರದ ಒಂದು ಚೀಸ್ ತುಂಡೇ ಅದನ್ನು ತಿಂದುಹಾಕುತ್ತದೆ. ಪಾಠ ಕಲಿಸುವಾಗ ಅದರ ಊಟದ ಕಾಳುಗಳನ್ನೇ ಒಂದೊಂದಾಗಿ ಕೊಡಿ. ಡಬ್ಬಿಯ ಲೆಕ್ಕ ಕೆಡುವುದಿಲ್ಲ.

ಮರಿಗಳಿಗೆ 8ರಿಂದ 12 ವಾರದವರೆಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ತೀರಾ ಸಣ್ಣ ತಳಿಯ ಮರಿಗಳಿಗೆ ಹೊತ್ತು ತಪ್ಪಿದರೆ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳುತ್ತವೆ. ದೊಡ್ಡ ತಳಿಯ ಮರಿಗಳದ್ದು ಬೇರೆಯೇ ಅಪಾಯ: ‘ಮೂಳೆ ಗಟ್ಟಿಯಾಗಲಿ’ ಎಂದು ಕ್ಯಾಲ್ಸಿಯಂ ಟಾನಿಕ್ ಹಾಕುವುದು. ಮೊದಲ ಆರು ತಿಂಗಳಲ್ಲಿ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಸಾಲದು. ಬಂದದ್ದನ್ನೆಲ್ಲ ಹೀರಿಕೊಂಡು ಮೂಳೆ, ಕೀಲು ಸೊಟ್ಟಗೆ ಬೆಳೆಯುತ್ತವೆ. ದೊಡ್ಡ ತಳಿಯ ಮರಿಗೆಂದೇ ಮಾಡಿದ ಪೂರ್ಣ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಏನೂ ಸುರಿಯಬೇಡಿ.

ಮನೆಯಲ್ಲೇ ಬೇಯಿಸಿ ಹಾಕುವವರು ತಪ್ಪುವುದು ಇದರ ಉಲ್ಟಾ ಕಡೆಗೆ. ಬರೀ ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಅದರ ಹದಿನೈದು-ಇಪ್ಪತ್ತರಲ್ಲೊಂದು ಪಾಲು. ನಾಯಿಗೆ ಬೇಕಾದದ್ದು ರಂಜಕಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದಾಗ ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಮರಿಗಳಲ್ಲಿ ಕಾಲು ಬಾಗಿ, ಒಂದು ಸಣ್ಣ ಜಿಗಿತಕ್ಕೇ ಮೂಳೆ ಮುರಿಯುತ್ತದೆ. ಮನೆ ಅಡುಗೆಯೇ ಹಾಕಬೇಕೆಂದಿದ್ದರೆ ಪಶು ಪೋಷಣೆ ಬಲ್ಲ ವೈದ್ಯರಿಂದ ಗ್ರಾಂ ಲೆಕ್ಕದ ಪಾಕಪಟ್ಟಿ ಬರೆಸಿಕೊಳ್ಳಿ, ಅದರಲ್ಲಿ ಒಂದನ್ನೂ ಬಿಡಬೇಡಿ, ಬದಲಿಸಬೇಡಿ. ನಾವು ಉಂಡು ಮಿಕ್ಕಿದ್ದು ನಾಯಿಗೆ ಊಟ ಎನ್ನುವುದು ಉಪ್ಪು, ಎಣ್ಣೆ, ಈರುಳ್ಳಿಯ ಕಾರಣಕ್ಕೆ ಹೋಗಲಿ, ಈ ಕ್ಯಾಲ್ಸಿಯಂ ಕಾರಣಕ್ಕೂ ನಡೆಯುವ ಮಾತಲ್ಲ.

ಆಹಾರ ಬದಲಿಸುವಾಗ 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲ ಎರಡು-ಮೂರು ದಿನ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಂದೇ ದಿನಕ್ಕೆ ಬದಲಿಸಿದರೆ ಬೇಧಿಯಾಗುತ್ತದೆ. ಜನ ಹೊಸ ಆಹಾರವನ್ನು ಬೈದು ಮತ್ತೊಂದಕ್ಕೆ ಹಾರುತ್ತಾರೆ, ಬೇಧಿ ಮುಂದುವರಿಯುತ್ತದೆ. ಬೇಧಿ ಕಂಡರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ಅಲ್ಲೇ ನಿಲ್ಲಿ.

ಬಾಯಿಗೆ ಬೀಳಬಾರದ್ದು

ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ನಾಯಿಯ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದರೆ ವಾಂತಿ, ಚಡಪಡಿಕೆ. 40-50ಕ್ಕೆ ಹೃದಯದ ಬಡಿತ ತಪ್ಪುತ್ತದೆ. 60 ದಾಟಿದರೆ ಸೆಳೆತ. ಹಾಲಿನ ಚಾಕೊಲೇಟಿನ ಒಂದು ಗ್ರಾಂನಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ 5 ಅಥವಾ ಹೆಚ್ಚು, ಸಕ್ಕರೆಯಿಲ್ಲದ ಬೇಕಿಂಗ್ ಚಾಕೊಲೇಟಿನಲ್ಲಿ 14ರ ಸುತ್ತ. 5 ಕಿಲೋ ನಾಯಿ 50 ಗ್ರಾಂ ಕಪ್ಪು ಚಾಕೊಲೇಟ್ ತಿಂದರೆ ಕಿಲೋಗೆ 50 ಮಿಲಿಗ್ರಾಂ ಆಯಿತು. ಲಕ್ಷಣ ಕಾಣಲಿ ಎಂದು ಕಾಯುವ ಪ್ರಮಾಣವಲ್ಲ ಅದು.

ಸಕ್ಕರೆಯ ಬದಲು ಸಿಹಿಗೆ ಹಾಕುವ ಜೈಲಿಟಾಲ್ ಇನ್ನೂ ಕೆಟ್ಟದ್ದು. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಕೆಲವು ಕಡಲೆಕಾಯಿ ಬೆಣ್ಣೆಯಲ್ಲಿ ಇದು ಇರುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂನಷ್ಟಕ್ಕೇ ನಾಯಿಯ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ, 0.5 ಗ್ರಾಂ ಆದರೆ ಯಕೃತ್ತೇ ಕೈಕೊಡಬಹುದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ; ಒಂದು ನಾಯಿ ಹಿಡಿ ತಿಂದು ದಕ್ಕಿಸಿಕೊಂಡರೆ ಇನ್ನೊಂದು ನಾಲ್ಕಕ್ಕೇ ಕುಸಿಯಬಹುದು, ಹಾಗಾಗಿ ‘ನಮ್ಮದು ತಿಂದಿತ್ತು, ಏನೂ ಆಗಲಿಲ್ಲ’ ಎಂಬ ಮಾತಿಗೆ ಬೆಲೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ಪುಡಿಯಾದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಕಿಲೋಗೆ 5 ಗ್ರಾಂ ಈರುಳ್ಳಿಯೇ ಸಾಕು. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ.

ಮನುಷ್ಯರ ನೋವಿನ ಮಾತ್ರೆ ಯಾವ ಪ್ರಾಣಿಗೂ ಕೂಡದು. 500 ಮಿಲಿಗ್ರಾಂನ ಒಂದೇ ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಕತ್ತಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಬೆಕ್ಕಿಗೆ ವಿಷ. ಹಚ್ಚಿದ ನಾಯಿಯನ್ನು ನೆಕ್ಕಿದರೂ ತೊಂದರೆ. ಲಿಲಿ ಹೂವಿನ ಪರಾಗ ರೋಮಕ್ಕೆ ಅಂಟಿ, ನೆಕ್ಕಿಕೊಂಡರೆ ಬೆಕ್ಕಿನ ಮೂತ್ರಪಿಂಡ ಹಾಳು. ಬೆಕ್ಕಿರುವ ಮನೆಗೆ ಆ ಹೂವೇ ಬೇಡ.

ಏನೋ ತಿಂದುಬಿಟ್ಟಿದೆ ಎಂದಾಗ ಮೊದಲು ಹೊದಿಕೆ ಕಾಗದ ಎತ್ತಿಡಿ, ಉಳಿದದ್ದನ್ನು ತೂಗಿ ಎಷ್ಟು ಹೋಗಿದೆ ಎಂದು ಕಳೆಯಿರಿ, ಹೊತ್ತು ಬರೆದುಕೊಳ್ಳಿ, ವೈದ್ಯರಿಗೆ ಫೋನು ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಸುಡುವ ರಾಸಾಯನಿಕ, ಪೆಟ್ರೋಲ್, ಚೂಪು ವಸ್ತು ನುಂಗಿದ್ದರೆ ವಾಂತಿ ಬರುವಾಗ ಎರಡನೇ ಸಲ ಗಾಯವಾಗುತ್ತದೆ.

ಮೈ, ಉಗುರು, ಹುಳು

ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು, ನಡುವೆ ಬಾಚಣಿಗೆ. ಅದರ ಚರ್ಮದ ಪಿಎಚ್ ನಮ್ಮದಕ್ಕಿಂತ ಹೆಚ್ಚು, ಆದ್ದರಿಂದ ನಮ್ಮ ಶಾಂಪೂ ಅದಕ್ಕೆ ಹೊಂದುವುದಿಲ್ಲ, ಒಣಗಿ ತುರಿಕೆ ಶುರುವಾಗುತ್ತದೆ. ಶಾಂಪೂ ಹಚ್ಚಿದಷ್ಟೇ ಹೊತ್ತಿನ ಎರಡು ಪಟ್ಟು ತೊಳೆಯಿರಿ. ಸ್ನಾನದ ನಂತರದ ತುರಿಕೆಗೆ ಉಳಿದುಹೋದ ನೊರೆಯೇ ಎಷ್ಟೋ ಸಲ ಕಾರಣ. ಕಿವಿಯೊಳಗೆ ಹತ್ತಿಕಡ್ಡಿ ತೂರಿಸಬೇಡಿ. ನಾಯಿಯ ಕಿವಿಯ ಕೊಳವೆ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಕಡ್ಡಿ ಕೊಳೆಯನ್ನು ಆ ತಿರುವಿಗೆ ನೂಕುತ್ತದೆ ಅಷ್ಟೆ.

ಉಗುರು ಬಿಳಿಯಿದ್ದರೆ ಒಳಗಿನ ಗುಲಾಬಿ ಜೀವಭಾಗ ಕಾಣುತ್ತದೆ, ಅದರಿಂದ 2 ಮಿ.ಮೀ. ಬಿಟ್ಟು ಕತ್ತರಿಸಿ. ಕಪ್ಪು ಉಗುರಾದರೆ ಒಂದೊಂದು ಮಿಲಿಮೀಟರಿನಷ್ಟೇ ಬಿಲ್ಲೆ ಬಿಲ್ಲೆಯಾಗಿ ತೆಗೆಯುತ್ತ, ಪ್ರತಿಸಲ ಕತ್ತರಿಸಿದ ಮುಖ ನೋಡಿ. ಮೊದಲು ಪುಡಿಪುಡಿಯಾಗಿ ಬೆಳ್ಳಗಿರುತ್ತದೆ. ನಡುವೆ ಕಪ್ಪು ಚುಕ್ಕೆ ಮೂಡಿದ ತಕ್ಷಣ ನಿಲ್ಲಿಸಬೇಕು, ಮುಂದಿನದು ರಕ್ತ. ರಕ್ತ ಬಂದೇಬಿಟ್ಟರೆ ಜೋಳದ ಹಿಟ್ಟನ್ನೋ ಮೈದಾವನ್ನೋ ಒತ್ತಿ ಐದು ನಿಮಿಷ ಬಿಡದೆ ಹಿಡಿಯಿರಿ.

ಉಣ್ಣೆ ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ, ಅದರ ಬಾಯಿಯ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆ ಹಿಚುಕಿದರೆ, ಸೀಮೆಎಣ್ಣೆ ಹಚ್ಚಿದರೆ, ಬೆಂಕಿ ತಾಗಿಸಿದರೆ ಉಣ್ಣೆ ತನ್ನೊಳಗಿನದ್ದನ್ನು ನಾಯಿಯ ರಕ್ತಕ್ಕೆ ಕಕ್ಕುತ್ತದೆ, ಜ್ವರದ ರೋಗಾಣು ಸಮೇತ. ಚಿಗಟದ್ದು ಬೇರೆ ಲೆಕ್ಕ: ಮೈಮೇಲೆ ಕಾಣುವುದು ನೂರರಲ್ಲಿ 5, ಉಳಿದ 95 ಮೊಟ್ಟೆ, ಮರಿ, ಕೋಶವಾಗಿ ಹಾಸಿಗೆಯಲ್ಲಿ, ಕಂಬಳಿಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ. ಮೈಗೆ ಔಷಧಿ ಹಚ್ಚಿ ಹಾಸಿಗೆಯನ್ನು 60 ಡಿಗ್ರಿ ನೀರಿನಲ್ಲಿ ಒಗೆಯದಿದ್ದರೆ ಮೂರು ವಾರಕ್ಕೆ ಮತ್ತೆ ಅದೇ ಕಥೆ.

ಜಂತುಹುಳ ತಾಯಿಯ ಗರ್ಭದಲ್ಲೂ ಹಾಲಿನಲ್ಲೂ ನಾಯಿಮರಿಗೆ ಬರುತ್ತದೆ. ಹಾಗಾಗಿ ಎರಡನೇ ವಾರದಿಂದ 8 ವಾರದವರೆಗೆ ಎರಡು ವಾರಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಔಷಧಿ, ಪ್ರತಿಸಲ ಅವತ್ತಿನ ತೂಕ ನೋಡಿ. ಲಸಿಕೆ 6-8 ವಾರಕ್ಕೆ ಶುರುವಾಗಿ 3-4 ವಾರದ ಅಂತರದಲ್ಲಿ 16 ವಾರದವರೆಗೆ ನಡೆಯಬೇಕು. ತಾಯಿಯಿಂದ ಬಂದ ರಕ್ಷಣೆ ಲಸಿಕೆಯನ್ನೇ ತಟಸ್ಥಗೊಳಿಸುತ್ತದೆ, ಅದು ಯಾವ ವಾರ ಇಳಿಯುತ್ತದೋ ಹೇಳಲಾಗದು, ಅದಕ್ಕೇ ಸರಣಿ. ಕೊನೆಯದನ್ನು ಬಿಟ್ಟವರ ಮರಿಗೆ ಪಾರ್ವೋ ಎಂಬ ವಾಂತಿಬೇಧಿಯ ವೈರಸ್ ರೋಗ ಬರುವುದು ಹೀಗೆ.

ಬೆಕ್ಕು ಸಣ್ಣ ನಾಯಿಯಲ್ಲ

ನಾಯಿಯ ಆಹಾರವನ್ನೇ ಬೆಕ್ಕಿಗೆ ಹಾಕಿದರೆ ತಿನ್ನುತ್ತದೆ, ಬದುಕುತ್ತದೆ, ನಿಧಾನಕ್ಕೆ ಕಣ್ಣು ಹೋಗುತ್ತದೆ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸದಲ್ಲಿ. ಕೊರತೆಯಾದರೆ ಅಕ್ಷಿಪಟಲ ಸವೆಯುತ್ತದೆ ಎಂದು 1975ರಲ್ಲಿ ಗೊತ್ತಾಯಿತು, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ ಎಂದು 1987ರಲ್ಲಿ. ಗಜ್ಜರಿಯ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವುದೂ ಅದಕ್ಕೆ ಬರುವುದಿಲ್ಲ. ಬೆಕ್ಕನ್ನು ಸಸ್ಯಾಹಾರಿ ಮಾಡುವ ಆಸೆಯಿದ್ದವರು ಮೊಲ ಸಾಕುವುದು ವಾಸಿ.

ಲೆಕ್ಕದ ವಿಧಾನ ನಾಯಿಯದ್ದೇ. ಶಸ್ತ್ರಚಿಕಿತ್ಸೆಯಾದ, ಮನೆಯೊಳಗೇ ಇರುವ 4 ಕಿಲೋ ಬೆಕ್ಕಿಗೆ ಹಾಗೆ ಬಂದ 198ನ್ನು 1.2ರಿಂದ ಗುಣಿಸಿ: ಸುಮಾರು 240 ಕಿಲೋಕ್ಯಾಲರಿ. 100 ಗ್ರಾಂಗೆ 380 ಇರುವ ಒಣ ಆಹಾರವಾದರೆ ಬರೀ 63 ಗ್ರಾಂ. ತಟ್ಟೆಯಲ್ಲಿ ಅದು ತೀರ ಕಡಿಮೆಯಾಗಿ ಕಾಣುತ್ತದೆ, ಅದಕ್ಕೇ ಎಲ್ಲರೂ ಹೆಚ್ಚು ಹಾಕುತ್ತಾರೆ. ಬೆಕ್ಕಿನ ಸ್ವಭಾವ ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನುವುದು. ಇದನ್ನೇ ನಾಲ್ಕೈದು ಪಾಲು ಮಾಡಿ.

ನೀರಿನ ವಿಷಯದಲ್ಲಿ ಬೆಕ್ಕು ಸೋಮಾರಿ. 4 ಕಿಲೋ ಬೆಕ್ಕಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ಬೇಕು. ಡಬ್ಬಿಯ ಹಸಿ ಆಹಾರದಲ್ಲಿ ನೂರಕ್ಕೆ 75-80 ಪಾಲು ನೀರೇ, ಒಣ ಆಹಾರದಲ್ಲಿ 10ಕ್ಕಿಂತ ಕಡಿಮೆ. ಬರೀ ಒಣದ್ದು ತಿನ್ನುವ ಬೆಕ್ಕು ಆ ಕೊರತೆಯನ್ನು ಪೂರ್ತಿ ಕುಡಿದು ತುಂಬಿಕೊಳ್ಳುವುದಿಲ್ಲ, ಮೂತ್ರ ಗಟ್ಟಿಯಾಗುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಹಸಿ ಆಹಾರ ಕೊಡಿ. ನೀರಿನ ಬಟ್ಟಲು ಅಗಲವಾಗಿರಲಿ, ಅಂಚಿನವರೆಗೆ ತುಂಬಿರಲಿ, ಊಟದ ತಟ್ಟೆಯಿಂದ ದೂರ ಎರಡು ಮೂರು ಕಡೆ ಇಡಿ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಲ್ಯಾಕ್ಟೋಸ್ ಜೀರ್ಣವಾಗದೆ ಬೇಧಿಯಾಗುತ್ತದೆ.

ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕೂತು, ತಿಣುಕಿ, ಒಂದು ಹನಿಯೂ ಬಾರದೆ ಎದ್ದು ಬರುತ್ತಿದ್ದರೆ ಅದನ್ನು ಮಲಬದ್ಧತೆ ಅಂದುಕೊಂಡು ರಾತ್ರಿ ಕಳೆಯಬೇಡಿ. ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ಹಿಡಿಯಿರಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ಇದು ಆಗಿಂದಾಗಲೇ ಆಸ್ಪತ್ರೆಗೆ ಓಡುವ ಕೆಲಸ. ಹಾಗೆಯೇ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿದ್ದರೆ, ಕರಗಿದ ಕೊಬ್ಬು ಯಕೃತ್ತಿಗೆ ತುಂಬಿಕೊಳ್ಳುತ್ತದೆ. ಹಠಮಾರಿ ಬೆಕ್ಕನ್ನು ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಉಪವಾಸ ಕೆಡಹುವುದು ನಾಯಿಯಲ್ಲಿ ನಡೆದೀತು, ಇಲ್ಲಿ ನಡೆಯದು.

ಮರಳಿನ ತಟ್ಟೆ ಬೆಕ್ಕಿಗೊಂದರಂತೆ, ಮೇಲೊಂದು ಹೆಚ್ಚಿಗೆ. ಉದ್ದ ಬೆಕ್ಕಿನ ಒಂದೂವರೆ ಪಟ್ಟು, ಮರಳು 5-7 ಸೆಂ.ಮೀ. ಆಳ. ದಿನಕ್ಕೆರಡು ಸಲ ಸೋಸಿ ತೆಗೆಯಿರಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಮೊಟ್ಟೆ ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ತಗಲಿಸುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು, ದಿನಾ ತೆಗೆದರೆ ಅದಕ್ಕೆ ಅವಕಾಶವೇ ಇಲ್ಲ; ಗರ್ಭಿಣಿಯರು ಮಾತ್ರ ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಬೆಕ್ಕು ತಟ್ಟೆ ಬಿಟ್ಟು ಮೂಲೆಯಲ್ಲಿ ಉಚ್ಚೆ ಹೊಯ್ದರೆ ಅದು ಸೇಡಲ್ಲ. ತಟ್ಟೆ ಕೊಳಕಾಗಿದೆ, ಸುವಾಸನೆಯ ಮರಳು ಹಿಡಿಸಿಲ್ಲ, ಸದ್ದು ಮಾಡುವ ಯಂತ್ರದ ಪಕ್ಕ ಇಟ್ಟಿದ್ದೀರಿ, ಇಲ್ಲವೇ ಉರಿಮೂತ್ರ.

ಮಾತ್ರೆ ನುಂಗಿಸಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ 5-6 ಮಿ.ಲೀ. ನೀರನ್ನು ಕೆನ್ನೆಯ ಸಂದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ನಿಂತು ಹುಣ್ಣು ಮಾಡುತ್ತದೆ, ಡಾಕ್ಸಿಸೈಕ್ಲಿನ್ ವಿಶೇಷವಾಗಿ.

ಮೀನು: ಸಾಕಬೇಕಾದದ್ದು ನೀರನ್ನು

ಗುಂಡು ಬಟ್ಟಲಿನಲ್ಲಿ ಚಿನ್ನದ ಮೀನು ಚೆಂದ ಕಾಣುತ್ತದೆ, ಬಾಳುವುದಿಲ್ಲ. ಒಂದು ಚಿನ್ನದ ಮೀನಿಗೆ 75 ಲೀಟರಾದರೂ ಬೇಕು, ಒಂದು ಬೆಟ್ಟಾಗೆ 20. ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರು: 60×30×36 ಎಂದರೆ 64.8, ಜಲ್ಲಿ ಹಾಕಿ ಮೇಲೆ ಜಾಗ ಬಿಟ್ಟರೆ ಉಳಿಯುವುದು 55ರ ಸುತ್ತ.

ಹೊಸ ತೊಟ್ಟಿಯ ಮೀನು ಎರಡನೇ ವಾರಕ್ಕೆ ಸಾಯುವುದಕ್ಕೆ ಸಾಮಾನ್ಯವಾಗಿ ಕಾರಣ ರೋಗವಲ್ಲ, ಅಮೋನಿಯಾ. ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತವೆ, ಅದು ಸಹಿಸುವಂಥದ್ದು. ಇವು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಲು 4ರಿಂದ 6 ವಾರ ಬೇಕು. ಆದ್ದರಿಂದ ಮೀನು ತರುವ ಮೊದಲೇ ತೊಟ್ಟಿ ತುಂಬಿ, ಫಿಲ್ಟರ್ ಓಡಿಸಿ, ಮೀನು ಇದೆಯೇನೋ ಎಂಬಂತೆ ದಿನಾ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಿ. ಎರಡು ದಿನಕ್ಕೊಮ್ಮೆ ಪರೀಕ್ಷಾ ಕಿಟ್‌ನಿಂದ ನೋಡಿ: ಅಮೋನಿಯಾ ಏರಿ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡ ದಿನ ತೊಟ್ಟಿ ಸಿದ್ಧ. ಆರೋಗ್ಯದ ಹಳೇ ತೊಟ್ಟಿಯಿಂದ ಕೊಳೆ ಹಿಡಿದ ಸ್ಪಂಜಿನ ತುಂಡು ಸಿಕ್ಕರೆ ಕಾಯುವುದು ಅರ್ಧಕ್ಕಿಳಿಯುತ್ತದೆ.

ಆ ಸ್ಪಂಜನ್ನು ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್‌ನಿಂದ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿಂದ ಶುರು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ, ಕಂದು ಬಣ್ಣ ಉಳಿದಿರಲಿ. ಕ್ಲೋರಿನ್ ಹಾಕಿದ ನೀರನ್ನು 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮಿನ್ ಹೋಗುವುದಿಲ್ಲ. ಅದಕ್ಕೆ ಔಷಧಿ ಹನಿಯೇ ಬೇಕು.

ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರು ಬದಲಿಸಿ. ನೀರು ತೆಗೆಯುವ ಮೊದಲು ಹೀಟರ್ ಆರಿಸಿ ಹತ್ತು ನಿಮಿಷ ಬಿಡಿ, ಬಿಸಿಯಿದ್ದಾಗ ನೀರಿನಿಂದ ಹೊರಬಂದರೆ ಗಾಜು ಸಿಡಿಯುತ್ತದೆ. ಹೀಟರಿನ, ಪಂಪಿನ ತಂತಿಯನ್ನು ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ. ತಂತಿ ಹಿಡಿದು ಇಳಿದ ಹನಿ ಆ ಜೋಲಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹರಿಯುವುದಿಲ್ಲ. ಉಷ್ಣವಲಯದ ಮೀನುಗಳಿಗೆ 24-27 ಡಿಗ್ರಿ. ಚಿನ್ನದ ಮೀನಿಗೆ 18-22 ಹಿತ, ಹೀಟರ್ ಬೇಡ, ಹಾಗಾಗಿ ಎರಡನ್ನೂ ಒಟ್ಟಿಗೆ ಬಿಡುವುದು ಸರಿಯಲ್ಲ.

ಮೀನಿನ ಹೊಟ್ಟೆ ಅದರ ಕಣ್ಣಿನಷ್ಟು ಎಂದು ಇಟ್ಟುಕೊಳ್ಳಿ. ಎರಡು ನಿಮಿಷದಲ್ಲಿ ಪೂರ್ತಿ ಮುಗಿಸುವಷ್ಟು, ದಿನಕ್ಕೆ ಒಂದೆರಡು ಸಲ, ವಾರದಲ್ಲಿ ಒಂದು ದಿನ ಏನೂ ಬೇಡ. ಮೀನು ನಿಮ್ಮನ್ನು ಕಂಡು ಗಾಜಿಗೆ ಬಂದು ಬಾಯಿ ಆಡಿಸುವುದು ಹಸಿವಲ್ಲ, ಅಭ್ಯಾಸ. ಮೇಲೆ ಬಂದು ಬಾಯಿ ಹೊರಗಿಟ್ಟು ಉಸಿರೆಳೆಯುತ್ತಿದ್ದರೆ ಮಾತ್ರ ಊಟದ ಡಬ್ಬಿಗಲ್ಲ, ಪರೀಕ್ಷಾ ಕಿಟ್‌ಗೆ ಕೈ ಹಾಕಿ. ಅಮೋನಿಯಾ ಕಂಡರೆ ಆಗಲೇ ಅರ್ಧ ನೀರು ಬದಲಿಸಿ.

ಮೊಲ ಮತ್ತು ಗಿನಿಯಿಲಿ

ಮೊಲದ ಊಟ ಗಜ್ಜರಿಯಲ್ಲ, ಒಣಹುಲ್ಲು. ದಿನದ ಊಟದಲ್ಲಿ ನೂರಕ್ಕೆ 80-85 ಪಾಲು ಅದೇ ಇರಬೇಕು. ಮೊಲದಷ್ಟೇ ಗಾತ್ರದ ಕಂತೆ ದಿನಾ ಹೊಸದಾಗಿ. ಹಲ್ಲು ವಾರಕ್ಕೆ 2-3 ಮಿ.ಮೀ. ಬೆಳೆಯುತ್ತಲೇ ಇರುತ್ತದೆ, ಹುಲ್ಲನ್ನು ಅಡ್ಡಡ್ಡ ಅರೆದರಷ್ಟೇ ಸವೆಯುವುದು. ಉಂಡೆ ಆಹಾರ ಕಿಲೋ ತೂಕಕ್ಕೆ 20-25 ಗ್ರಾಂ ಮೀರದಿರಲಿ, ಜೊತೆಗೆ ಒಂದು ಹಿಡಿ ಸೊಪ್ಪು. ಕುದುರೆಮೆಂತೆ ಹುಲ್ಲು 6 ತಿಂಗಳ ಒಳಗಿನ ಮರಿಗೆ ಮಾತ್ರ. ದೊಡ್ಡದಕ್ಕೆ ಅದರ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರ ಕೆಸರಿನಂತಾಗುತ್ತದೆ. ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಬಾಯಿ ಹಾಕಿ ತಿನ್ನುವುದನ್ನು ಕಂಡು ಗಾಬರಿಯಾಗಬೇಡಿ, ಅದು ಅದರ ಎರಡನೇ ಊಟ.

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತಿದ್ದರೆ ಕರುಳು ನಿಂತಿದೆ. ನಾಳೆ ನೋಡೋಣ ಎನ್ನುವಂತಿಲ್ಲ. ಸೆಖೆ 28 ಡಿಗ್ರಿ ದಾಟಿದರೆ ಒದ್ದಾಡುತ್ತದೆ, ಪಕ್ಕದಲ್ಲಿ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಇಡಿ. ಸ್ನಾನ ಬೇಡ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ. ಕಿವಿ ಹಿಡಿದು ಎತ್ತಿದರೆ ಅದು ಹಿಂಗಾಲು ಝಾಡಿಸಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ.

ಗಿನಿಯಿಲಿಗೆ ಇದೇ ಊಟದ ಜೊತೆ ಸಿ ಜೀವಸತ್ವ, ದಿನಕ್ಕೆ ಕಿಲೋಗೆ 10-30 ಮಿಲಿಗ್ರಾಂ. ನಮ್ಮಂತೆ ಅದಕ್ಕೂ ಅದನ್ನು ತಯಾರಿಸಿಕೊಳ್ಳಲು ಬಾರದು. ಇಲ್ಲದಿದ್ದರೆ ಕೀಲು ಊದಿ ನಡೆಯಲಾಗದೆ ಕೂರುತ್ತದೆ. ಕೆಂಪು ದಪ್ಪ ಮೆಣಸಿನಕಾಯಿಯ 15 ಗ್ರಾಂ ತುಂಡು ಸಾಕು. ನೀರಿಗೆ ಹನಿ ಹಾಕುವುದು ವ್ಯರ್ಥ, ಬೆಳಕಿಗೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಇವೆರಡು ಪ್ರಾಣಿಗೂ ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಬಾಯಿಗೆ ಹಾಕಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಸಾಯುತ್ತದೆ.

ಬಜರಿಗರ್ ಗಿಳಿ

ಬಟ್ಟಲು ತುಂಬಿದಂತೆ ಕಾಣುತ್ತದೆ, ಹಕ್ಕಿ ಹಸಿದಿರುತ್ತದೆ. ಅದು ಕಾಳು ತಿಂದು ಹೊಟ್ಟನ್ನು ಬಟ್ಟಲಿನಲ್ಲೇ ಬಿಡುತ್ತದೆ. ಬೆಳಿಗ್ಗೆ ಬಟ್ಟಲನ್ನು ಹೊರಗೆ ಒಯ್ದು ಊದಿ ನೋಡಿ, ಹೊಟ್ಟು ಹಾರಿ ಏನೂ ಉಳಿಯದೆ ಇರಬಹುದು. ದಿನಕ್ಕೆ ಒಂದೂವರೆ-ಎರಡು ಟೀ ಚಮಚ ಆಹಾರ, ಆದರೆ ಬರೀ ಕಾಳಿನಲ್ಲಿ ಎ ಜೀವಸತ್ವವೂ ಕ್ಯಾಲ್ಸಿಯಂ ಕೂಡ ಸಾಲದು. ಉಂಡೆ ಆಹಾರಕ್ಕೆ ಕೆಲವು ವಾರಗಳಲ್ಲಿ ಒಗ್ಗಿಸಿ, ಹಸಿರು ಸೊಪ್ಪು ಕೊಡಿ, ಪಂಜರಕ್ಕೆ ಕ್ಯಾಲ್ಸಿಯಂಗೆಂದು ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಬಿಳಿ ಚಿಪ್ಪು) ಸಿಗಿಸಿ. ಬೆಣ್ಣೆಹಣ್ಣು ವಿಷ. ಕಂಬಿಗಳ ಅಂತರ 1.2 ಸೆಂ.ಮೀ. ಮೀರಬಾರದು. ಕೂರುವ ಕಡ್ಡಿ ಎಲ್ಲ ಒಂದೇ ದಪ್ಪವಿದ್ದರೆ ಪಾದದ ಒಂದೇ ಜಾಗ ಒತ್ತಿ ಹುಣ್ಣಾಗುತ್ತದೆ, ವಿಷವಲ್ಲದ ಮರದ ಅಂಕುಡೊಂಕು ಕೊಂಬೆ ಹಾಕಿ. ಅಡುಗೆಮನೆಯ ಹತ್ತಿರ ಪಂಜರ ಬೇಡ: ಅಂಟದ ಲೇಪದ ಬಾಣಲೆ ಖಾಲಿ ಕಾದರೆ ಬರುವ ಹೊಗೆ ನಮಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಂದಿರುತ್ತದೆ.

ಇಲ್ಲಿ ತಕ್ಕಡಿಯೇ ವೈದ್ಯ. 30-40 ಗ್ರಾಂ ಹಕ್ಕಿ ಗರಿ ಉಬ್ಬಿಸಿಕೊಂಡು ದುಂಡಗೆ ಕಾಣುತ್ತಲೇ ಒಣಗಿರುತ್ತದೆ. ತಕ್ಕಡಿಯ ಮೇಲೊಂದು ಕಡ್ಡಿ ನಿಲ್ಲಿಸಿ, ವಾರಕ್ಕೊಮ್ಮೆ ಬೆಳಿಗ್ಗೆ ತಿನ್ನುವ ಮೊದಲು ತೂಗಿ ಬರೆದಿಡಿ. 35 ಗ್ರಾಂ ಇದ್ದದ್ದು 31.5ಕ್ಕೆ ಬಂದರೆ ಅವತ್ತೇ ಹೊರಡಿ.

ಯಾವ ಪ್ರಾಣಿಯಾದರೂ ವೈದ್ಯರಲ್ಲಿಗೆ ಹೋಗುವಾಗ ಅವತ್ತಿನ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ, ಆಹಾರದ ಪೊಟ್ಟಣದ ಹಿಂಬದಿಯ ಫೋಟೋ, ಎರಡು ವಾರದ ತೂಕದ ಪಟ್ಟಿ ಒಯ್ಯಿರಿ. ಕೆಮ್ಮು, ಕುಂಟು, ಸೆಳೆತ ಇದ್ದರೆ ಮನೆಯಲ್ಲೇ ವಿಡಿಯೋ ಮಾಡಿಕೊಳ್ಳಿ. ಪರೀಕ್ಷೆಯ ಮೇಜು ಹತ್ತಿದ ಕೂಡಲೇ ಮುಕ್ಕಾಲು ಪಾಲು ಪ್ರಾಣಿಗಳು ಏನೂ ಆಗಿಯೇ ಇಲ್ಲವೆಂಬಂತೆ ನಿಲ್ಲುತ್ತವೆ.